ಬುಡನಸಾಬನ ಮೂಗು ಮತ್ತು ಜೋಡುನಳಿಗೆ ಬಂದೂಕು

ಪುರಾಣಗಳಲ್ಲಿ ಹಾವೇರಿಯ ಬುಡನಸಾಬನ ಮೂಗಿನ ಪ್ರಸ್ತಾಪ ಇಲ್ಲದಿರುವುದಕ್ಕೆ ಕಾರಣ ಒಂದೇ: ಅವನು ತಡವಾಗಿ ಹುಟ್ಟಿದ. ತನ್ನ ಅಂಗಡಿಗೆ ರಿಪೇರಿಗೆ ಬಂದ ಜೋಡುನಳಿಗೆ ಬಂದೂಕನ್ನು ಮಡಚಿ ತೆರೆದು, ನಳಿಗೆಯ ಬಾಯಿಗೆ ಮೂಗು ಒತ್ತಿ, ಕಣ್ಣು ಮುಚ್ಚಿ ಋಷಿಯಂತೆ ಕೂತುಬಿಡುತ್ತಿದ್ದ. ಆ ಬಂದೂಕು ಯಾವ ಕಾಡಿನಲ್ಲಿ ಯಾವ ಪ್ರಾಣಿಯ ರಕ್ತ ಕುಡಿದಿದೆ ಎಂಬುದು ಆ ಮೂಗಿಗೆ ಗೊತ್ತಾಗುತ್ತದೆಂದು ರಾಣೆಬೆನ್ನೂರಿನಿಂದ ಬ್ಯಾಡಗಿಯವರೆಗೆ ಜನ ನಂಬಿದ್ದರು. ಒಮ್ಮೆ ಅವನು ಮೂಸುವಾಗ ನಳಿಗೆಯೊಳಗಿಂದ ಹುಲಿ ಗುರುಗುಟ್ಟಿತೆಂದು ಎದುರಿನ ಚಹಾದಂಗಡಿಯ ಯೂಸುಫಸಾಬ ಆಣೆ ಹಾಕಿ ಹೇಳುತ್ತಿದ್ದ.

ಎಂಬತ್ತರ ದಶಕದ ಆರಂಭದಲ್ಲಿ ಹಳೆಯ ಬಂದೂಕು ಕೂಡಿಡುವ ಶೋಕಿಯವರಿಗೆ ಈ ಮೂಗೇ ಹೈಕೋರ್ಟು. ಜೀಪಿನಿಂದ ಇಳಿದ ಸಾಹುಕಾರರು "ಹುಲಿ ಹೊಡದದ್ದ ಹೌದಲ್ಲೋ ಸಾಬಾ?" ಎಂದು ಕೇಳಿದರೆ, ಮೂಗು ತೆಗೆಯದೆ "ಹೂಂ" ಎನ್ನುತ್ತಿದ್ದ. ಚಿರತೆ ಎಂದವರಿಗೂ ಹೂಂ. ಮೃಗವನ್ನು ಅವರೇ ತರುತ್ತಿದ್ದರು, ಹೂಂ ಮಾತ್ರ ಇವನದು.

ತೊಂಬತ್ತರ ಹೊತ್ತಿಗೆ ಗಾಳಿ ತಿರುಗಿತು. ಬೇಟೆ ನಾಲ್ಕು ಜನರೆದುರು ಹೇಳಿಕೊಳ್ಳುವ ಸಂಗತಿಯಾಗಿ ಉಳಿಯಲಿಲ್ಲ. ಹೊಸ ಶೋಕಿಯವರು ಭೂತಗನ್ನಡಿ ಹಿಡಿದು ಬಂದರು. ಮಾಡಿದವನ ಹೆಸರು, ತಗಡಿನ ಮೇಲಿನ ಬಳ್ಳಿಯ ಕೆತ್ತನೆ, ಹಿಡಿಯ ಮರ ಮೊದಲಿನದೋ ಬದಲಿಸಿದ್ದೋ, ಇಷ್ಟೇ ಅವರ ಪ್ರಶ್ನೆ. ಹುಲಿ ಬೇಡುತ್ತಿದ್ದ ಗೋಡೆಗಳಿಗೆ ಈಗ ಇರುವೆಯನ್ನೂ ಕೊಲ್ಲದ ಬಂದೂಕು ಬೇಕಿತ್ತು. ಮೂಗಿನ ದರ್ಬಾರು ಬರಿದಾಯಿತು.

ಆಗಲೇ ಐರಣಿಯ ಮೈಲಾರೆಪ್ಪ ತೀರಿಕೊಂಡ. ಪೀಕು ಕಾಯಲು ಅವನು ಇಟ್ಟುಕೊಂಡಿದ್ದ ಅಜ್ಜನ ಕಾಲದ ಬಂದೂಕು, ಲೈಸೆನ್ಸಿನವನು ಸತ್ತರೆ ಜಮಾ ಮಾಡಬೇಕೆಂಬ ಕಾಯದೆಯಂತೆ, ಬುಡನಸಾಬನ ಅಂಗಡಿಗೆ ಬಂದು ಸೇರಿತು. ಅದನ್ನು ಕೊಳ್ಳಲು ಹುಬ್ಬಳ್ಳಿಯ ಅರಳೆ ವ್ಯಾಪಾರಿ ಪರಮೇಶಪ್ಪ ಬಂದ ದಿನ, ಮೈಲಾರೆಪ್ಪನ ಹೆಂಡತಿ ಉಚ್ಚಂಗೆವ್ವನೂ ಬಂದಳು.

"ಒರಸಬ್ಯಾಡೊ ಸಾಬಾ, ಹಿಂಗ ಇರಲಿ," ಎಂದ ಪರಮೇಶಪ್ಪ. "ಈ ಮಾಸಿದ ಬಣ್ಣಕ್ಕ ಈಗ ಕಿಮ್ಮತ್ತು."

"ಒಯ್ಯೂದು ಒಯ್ರಿ," ಎಂದಳು ಉಚ್ಚಂಗೆವ್ವ. "ಮೊದಲ ಸಾಬ ಮೂಸಿ ಹೇಳಲಿ. ನನ್ನ ಗಂಡ ಗಬ್ಬದ ಚಿಗರಿ ಹೊಡದಾನ, ಅದರ ಶಾಪಕ್ಕ ನಮ್ಮ ಮನ್ಯಾಗ ತೊಟ್ಲಾ ತೂಗಲಿಲ್ಲ ಅಂತ ಊರು ಅಂತು. ಅಂವ, ನಾ ಬರೇ ಆಕಾಶಕ್ಕ ಹಾರಿಸೇನಿ ಅಂತಿದ್ದ. ಸಾಯೂತನಕಾ ನಾ ಅವಗ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಇವತ್ತ ಏನರೆ ಒಂದು ಅನಬೇಕು."

"ಆಕಾಶಕ್ಕ ಹಾರಿಸ್ಯಾನ ಅಂದುಬಿಡೊ ಮಾರಾಯಾ," ಎಂದ ಪರಮೇಶಪ್ಪ ಮೆಲ್ಲಗೆ. "ನಿನ್ನ ಗಂಟೇನು ಹೋಗೂದೈತಿ?"

ಬುಡನಸಾಬ ಬಂದೂಕು ಮಡಚಿ, ನಳಿಗೆಗೆ ಮೂಗು ಒತ್ತಿದ. ಯೂಸುಫಸಾಬ ಚಹಾ ಸೋಸುವುದನ್ನು ನಿಲ್ಲಿಸಿದ. ಊರೂರಿಗೆ ಹುಲಿ ದಾನ ಮಾಡಿದ ಆ ಹೂಂ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಈ ಹೆಂಗಸು ಮೃಗವನ್ನು ತಂದಿರಲಿಲ್ಲ. ಸತ್ತ ಗಂಡನ ಮಾತನ್ನು ತಂದಿದ್ದಳು, ಅದು ಖರೆಯೋ ಸುಳ್ಳೋ ಎಂದು ಕೇಳಲು. ಮೊದಲ ಸಲ ಬುಡನಸಾಬ ಮೂಸುತ್ತಲೇ ಕಣ್ಣು ತೆರೆದ. ಅವಳು ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು.

ಅವನು ಬಂದೂಕನ್ನು ಗೋಣಿತಟ್ಟಿನ ಮೇಲೆ ಇಳಿಸಿದ.

"ಅವ್ವಾ, ನನಗ ವಾಸನೀನ ಬರೂದಿಲ್ಲ. ಹರೇದಾಗ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಚೀಲಾ ತುಂಬಿ ತುಂಬಿ ಮೂಗು ಸುಟ್ಟು ಹೋಗೇತಿ. ಉರಿ ಇನ್ನೂ ಐತಿ. ಕಬ್ಬಣಾ ತಣ್ಣಗ ಇರತೈತಲ್ಲ, ಅದಕ್ಕ ಹಚ್ಚಿಕೊಂಡು ಕುಂದರತೇನಿ."