ಚರ್ಚಿನಲ್ಲಿ ಮಂಗಳಾರತಿ

ಶಿಡ್ಲಘಟ್ಟದ ಒಂದು ಚರ್ಚಿನಲ್ಲಿ ತಬಲಾ ನುಡಿಸುವವರಿಗೆ ಜ್ವರ ಬಂದು, ಜಂಗಮಕೋಟೆಯ ಭಜನೆ ಮಂಡಳಿಯಲ್ಲಿ ತಬಲಾ ನುಡಿಸುವ ನನ್ನ ಮೊಬೈಲಿಗೆ ಪಾಸ್ಟರ ಕರೆ ಬಂತು. ಚರ್ಚಿನೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ತಾಳಕ್ಕೆ ಯಾವ ಧರ್ಮ ಅಂದುಕೊಂಡು ಕೂತೆ.

ಹಾಡು ಚೆನ್ನಾಗಿಯೇ ಶುರುವಾಯಿತು. ಪಲ್ಲವಿ ಮತ್ತೆ ಬಂತು, ಮತ್ತೂ ಬಂತು, ಮುಗಿಯುವ ಲಕ್ಷಣವೇ ಇಲ್ಲ. ನಮ್ಮ ಭಜನೆಯಲ್ಲಿ ಮಂಗಳಾರತಿ ಬೆಳಗುವವರೆಗೆ ತಬಲಾ ನಿಲ್ಲಿಸುವಂತಿಲ್ಲ. ಇಲ್ಲಿ ಯಾರೂ ಆರತಿ ತಟ್ಟೆ ತರಲಿಲ್ಲ, ನಾನೂ ಬಿಡಲಿಲ್ಲ, ಇನ್ನಷ್ಟು ಜೋರು ಮಾಡಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾ ಹಾಡಿದರು. ಪಾಸ್ಟರು ಬೈಬಲ್ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಕೊನೆಗೆ ನನ್ನ ಹತ್ತಿರ ಬಗ್ಗಿ, "ಏನಪ್ಪಾ, ನಿಲ್ಲಿಸಲ್ವಾ?" ಅಂದರು.

"ಮಂಗಳಾರತಿ ಇನ್ನೂ ಆಗಿಲ್ವಲ್ಲ ಸ್ವಾಮಿ?"

"ಇಲ್ಲಿ ಅದೆಲ್ಲ ಇಲ್ಲಪ್ಪಾ! ನೀನು ನಿಲ್ಲಿಸೋದನ್ನೇ ಅವರೆಲ್ಲ ಕಾಯ್ತಿದ್ದಾರೆ!"

ನಿಲ್ಲಿಸಿದೆ. ಪಾಸ್ಟರ ಪ್ರಸಂಗಕ್ಕೆ, ಅಂದರೆ ಬೈಬಲ್ ಉಪದೇಶಕ್ಕೆ, ಉಳಿದದ್ದು ಸ್ವಲ್ಪವೇ ಹೊತ್ತು. ಎಲ್ಲ ಮುಗಿದ ಮೇಲೆ ಪಾಸ್ಟರು ಸಮಾಧಾನದಿಂದಲೇ ತಿಳಿಹೇಳಿದರು. "ಹಾಡು ಇರೋದು ಜನರ ಮನಸ್ಸನ್ನ ದೇವರ ವಾಕ್ಯಕ್ಕೆ ಹದ ಮಾಡೋಕಪ್ಪಾ. ವಾಕ್ಯದ ಟೈಮನ್ನೇ ನುಂಗೋಕಲ್ಲ."

ನಾನು ತಲೆಯಾಡಿಸಿದೆ. ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಬಂದು ನನ್ನ ಕೈ ಹಿಡಿದು, "ಬರೋ ವಾರಾನೂ ನೀನೇ ಬಾ ನಾಯ್ನಾ. ಪ್ರಸಂಗ ಇಷ್ಟು ಬೇಗ ಮುಗಿದಿದ್ದು ಇವತ್ತೇ" ಅಂದುಬಿಟ್ಟರು.

ನಾನು ಅಷ್ಟು ಹೊತ್ತು ಕಾಯುತ್ತಿದ್ದ ಮಂಗಳಾರತಿಯನ್ನು, ಅಜ್ಜಿ ಅತ್ತ ಹೋದ ಮೇಲೆ, ಪಾಸ್ಟರು ಬಾಗಿಲಲ್ಲೇ ಮಾಡಿ ಕಳಿಸಿದರು.