ಸಲಾಕೆಯ ಮುಂದೆ ನಿಂತ ಅವ್ವ

ಸಿಂದಗಿಯಿಂದ ಆಲಮಟ್ಟಿಗೆ ಅಣೆಕಟ್ಟೆಯ ನೀರು ನೋಡಲು ಹೊರಟವರು ನಾವು, ನಾನು ಮತ್ತು ಅವ್ವ. ಬಸವನ ಬಾಗೇವಾಡಿ ದಾಟಿದ ಮೇಲೆ ಒಂದು ಹಳ್ಳಿಯ ಹಳೇ ವಾಡೆಯ ದೊಡ್ಡ ಮನೆಯಲ್ಲಿ ಹಿಂದಿನ ಕಾಲದ ಶಿಕ್ಷೆಗಳ ವಸ್ತುಸಂಗ್ರಹಾಲಯ ಮಾಡಿದ್ದಾರೆ ಎಂದು ಕೇಳಿದ್ದೆ. ವಾಡೆ ಕಂಡಕೂಡಲೇ ಕಾರು ನಿಲ್ಲಿಸಿದೆ. ಹೊರಗೆ ರಣಬಿಸಿಲು, ಒಳಗೆ ತಂಪಿರಬಹುದೆಂಬ ಆಸೆಯೂ ಇತ್ತು. ಅವ್ವ ಹೊಸ್ತಿಲಲ್ಲೇ ಗೊಣಗಿದಳು.

"ನೀರು ತೋರಸ್ತೇನಿ ಅಂತ ಕರಕೊಂಡು ಬಂದು ಬೇಡಿ ತೋರಸ್ತಿ ನೋಡು."

ಅವ್ವನಿಗೆ ಓದಲು ಬರುವುದಿಲ್ಲ. ಪ್ರತಿಯೊಂದರ ಕೆಳಗಿನ ಬೋರ್ಡನ್ನು ನಾನು ಗಟ್ಟಿಯಾಗಿ ಓದಬೇಕು, ಅವಳು ತೀರ್ಪು ಕೊಡಬೇಕು. ಶೂಲದ ಮುಂದೆ "ಥೂ ಇವರ" ಎಂದಳು. ಆನೆಯ ಕಾಲಡಿ ಬಿದ್ದವನ ಚಿತ್ರ ನೋಡಿ, ಆನೆಗೇಕೆ ಈ ಪಾಪ ಎಂದು ಮರುಗಿದಳು. ಕಾಲಿಗೆ ಹಾಕುವ ಮರದ ಕೋಳ ನೋಡಿದ್ದೇ ಅವಳಿಗೆ ನಗು ಬಂತು.

"ಇದನ್ನ ನಿಮ್ಮಪ್ಪಗ ಹಾಕಿದ್ರ ಸಂಜಿಮುಂದ ಮನ್ಯಾಗರ ಇರ್ತಿದ್ದ."

ವಾಡೆ ತೋರಿಸುತ್ತಿದ್ದ ಹುಡುಗಿಯೂ ನಕ್ಕಳು. ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಮರದ ಹಿಡಿಯ ಸಣ್ಣ ಕಬ್ಬಿಣದ ಸಲಾಕೆ ಇತ್ತು. ನಾನು ಓದಿದೆ: ಬರೆ ಹಾಕುವ ಸಲಾಕೆ, ಕಳ್ಳರಿಗೆ ಕೊಡುತ್ತಿದ್ದ ಶಿಕ್ಷೆ.

"ತಪ್ಪು ಓದಿದಿ," ಎಂದಳು ಅವ್ವ. "ಇದು ಔಷಧದ್ದು."

ನಮ್ಮ ಕಡೆ ಕೂಸು ಹೊಟ್ಟೆ ಉಬ್ಬಿ ಹಾಲು ಬಿಟ್ಟರೆ, ಸಲಾಕೆ ಕಾಯಿಸಿ ಹೊಟ್ಟೆಯ ಮೇಲೆ ಬರೆ ಎಳೆಸುತ್ತಿದ್ದರು. ನನ್ನ ಹೊಟ್ಟೆಯ ಮೇಲೂ ಎರಡು ಗೀರುಗಳಿವೆ. ನನಗಿಂತ ಮೊದಲು ಹುಟ್ಟಿದ ಅಣ್ಣನಿಗೂ ಅವ್ವ ಹಾಕಿಸಿದ್ದಳು. ಅವನು ಉಳಿಯಲಿಲ್ಲ, ಹೆಸರಿಡುವ ಮೊದಲೇ ಹೋದ. ಗೊಳಸಂಗಿಯ ತವರಿನ ಪಡಸಾಲೆಯಲ್ಲಿ ನಡೆದ ಆ ಕಥೆಯನ್ನು ಅವ್ವ ಎಷ್ಟು ಸಲ ಹೇಳಿದ್ದಾಳೋ. ಬೇರೆ ತಾಯಂದಿರು ಕೂಸನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೊರಗೆ ಓಡುತ್ತಿದ್ದರಂತೆ. ಇವಳು ಮಾತ್ರ ತಾನೇ ಅದರ ಕಾಲು ಹಿಡಿದು ಕೂತಿದ್ದಳಂತೆ. ಮಗನ ವಿಷಯದಲ್ಲಿ ಅವಳಿಗೆ ಉಳಿದಿದ್ದ ಸಮಾಧಾನ ಅದೊಂದೇ.

ಹುಡುಗಿ ಹತ್ತಿರ ಬಂದಳು. "ಇಲ್ರಿ ಆಯಿ, ಅದು ಶಿಕ್ಷೇದ್ದು ರೀ. ಕಳ್ಳರ ಹಣಿಗೆ ಹಚ್ತಿದ್ರು."

ಅವ್ವ ಗಾಜಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ಹಚ್ಚೂ ಮುಂದ ಅವನ ಕೈಕಾಲು ಯಾರು ಹಿಡೀತಿದ್ರು ತಂಗಿ?"

"ಆಳುಗಳು ಇರ್ತಿದ್ರಲ್ರಿ. ಅವರು ಗಟ್ಟಿ ಹಿಡೀತಿದ್ರು."

ಅವ್ವ ಗಾಜಿನಿಂದ ಕೈ ತೆಗೆದಳು. ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಬಾಗಿಲ ಕಡೆ ನಡೆದಳು.

ಆಲಮಟ್ಟಿಗೆ ಹೋಗಲಿಲ್ಲ. ಕಾರನ್ನು ಸಿಂದಗಿಯ ಕಡೆಗೇ ತಿರುಗಿಸಿದೆ. ಬರೆ ಹಾಕುವುದು ಶುದ್ಧ ಮೂಢತನ ಎಂದು ಅವ್ವನ ಜೊತೆ ವರ್ಷಗಟ್ಟಲೆ ಜಗಳಾಡಿದವಳು ನಾನು. ಒಂದು ಸಲವೂ ಅವಳು ಸೋತಿರಲಿಲ್ಲ. ಈಗ ಅವಳು ಸೀಟಿನ ಮೂಲೆಗೆ ಒರಗಿ ಕೂತಿದ್ದಳು. ಆ ಬೋರ್ಡು ಬರೆದವರ ಮೇಲೆ ವಿನಾಕಾರಣ ಸಿಟ್ಟು ಬಂತು. ನನಗೆ ಅವತ್ತು ಗೆಲ್ಲುವುದು ಬೇಡವಾಗಿತ್ತು.

"ಅವ್ವಾ, ಅದು ಔಷಧನ," ಎಂದೆ. "ನನಗೂ ಹಾಕಿಸಿದ್ದಿ. ನಾ ಉಳೀಲಿಲ್ಲೇನು?"

"ನೀ ಚಿಟ್ಟನ ಚೀರಿದ್ದಿ," ಎಂದಳು ಅವ್ವ. ಕೈಗಳು ಇನ್ನೂ ಸೆರಗಿನೊಳಗೇ ಇದ್ದವು. "ಆ ಕೂಸು ಚೀರಲಿಲ್ಲ. ನಾ ಕಾಲು ಹಿಡಕೊಂಡಿದ್ನಲ್ಲ, ನನ್ನ ಮಾರೀನ ನೋಡಾಕತ್ತಿತ್ತು."

ರಸ್ತೆ ಮಸುಕಾಯಿತು. ಕಾರನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ನನ್ನ ಕಡೆ ತಿರುಗದೆಯೇ ಅವ್ವ ಕೇಳಿದಳು.

"ಔಷಧ ಅಂತ ಅದಕ್ಕ ಗೊತ್ತಿತ್ತೇನ?"