ಬಗ್ಗಡದ ಕಡಲಲ್ಲಿ ಗೆದ್ದ ಸಿರಿ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಏಕಾಂತಯ್ಯನವರ ಮಗಳು ಸಿರಿ, ಕಡಲ ನೀರಿನ ಬಣ್ಣದ ಮೇಲೆ ಸಂಶೋಧನೆ ಮಾಡಲು ಮಂಗಳೂರಿಗೆ ಹೋದಾಗ ಬೀದಿಯವರೆಲ್ಲ ನಕ್ಕಿದ್ದರು. "ನೀರಿನ ಬಣ್ಣ ನೋಡಾಕೂ ಓದಬೇಕಾ?" ಎಂದು ಸೋದರತ್ತೆ ರುದ್ರಮ್ಮ ಕೇಳಿಯೇಬಿಟ್ಟರು. ತಾಯಿ ಕಾಂತಮ್ಮ 2004ರ ಫೆಬ್ರವರಿಯಲ್ಲಿ "ನಾನೇ ನೋಡ್ಕಂಡ್ ಬತ್ತೀನಿ" ಎಂದು ಬಸ್ ಹತ್ತಿದರು.

ಮರುದಿನ ತಾಯಿ ಮಗಳಿಬ್ಬರೂ ದೋಣಿಯಲ್ಲಿದ್ದರು. ಹಿಂದಿನ ದಿನವೆಲ್ಲ ಜೋರು ಗಾಳಿ ಬೀಸಿತ್ತು.

"ಏನೇ ಇದು? ಸಮುದ್ರ ನೀಲಿ ಅಂತಿದ್ದೆ, ಬರೀ ಬಗ್ಗಡ ಐತಲ್ಲೇ!"

"ಅದಕ್ಕೇ ಅಮ್ಮ ವಾದ ನಡೀತಿರೋದು. ನಮ್ಮ ಸರ್ ಇದು ನದಿ ತಂದ ಮಣ್ಣು ಅಂತಾರೆ. ಅಲೆ ತಳಾನ ಕೆದಕಿ ಎಬ್ಬಿಸಿದ್ದು ಅಂತೀನಿ ನಾನು."

ದೋಣಿಯ ಆ ತುದಿಯಲ್ಲಿ ಕೂತಿದ್ದ ಅವಳ ಮಾರ್ಗದರ್ಶಕ ಪ್ರೊಫೆಸರ್ ಶಶಿಕಿರಣ್ ನಕ್ಕರು. "ಆಯ್ತು, ತೋರಿಸಿ."

ಸಿರಿ ಹಗ್ಗ ಕಟ್ಟಿದ ಬಿಳಿ ತಟ್ಟೆಯನ್ನು ನೀರಿಗಿಳಿಸಿದಳು. ಗಾಳಿಯಿಲ್ಲದ ದಿನ ಇದೇ ಜಾಗದಲ್ಲಿ ಎರಡಾಳು ಆಳದವರೆಗೆ ಕಾಣುತ್ತಿದ್ದ ತಟ್ಟೆ ಇಂದು ಮೊಳದುದ್ದ ಇಳಿಯುವಷ್ಟರಲ್ಲಿ ಮಾಯವಾಯಿತು. ನೀರಿಗಿಳಿದ ಬೆಳಕು ಮಣ್ಣಿನ ಕಣಗಳಿಗೆ ಬಡಿದು ಚದುರಿಹೋಗುತ್ತಿತ್ತು. ಆದರೆ ಆ ಮಣ್ಣು ಬಂದದ್ದೆಲ್ಲಿಂದ?

ಮೇಲಿನ ನೀರನ್ನು ಒಂದು ಸೀಸೆಯಲ್ಲಿ ತುಂಬಿಕೊಂಡಳು. ತಳದ ನೀರು ತರಲು, ಕೆಳಗೆ ಹೋದಮೇಲೆ ಬಾಯಿ ತೆರೆಯುವ ಭಾರದ ಸೀಸೆಯನ್ನು ಹಗ್ಗದಲ್ಲಿ ಇಳಿಸಬೇಕಿತ್ತು. ಅಲೆಗೆ ದೋಣಿ ಓಲಾಡಿ ಅವಳ ಕೈ ಜಾರಿತು. ಆಗಲೇ ಒಮ್ಮೆ ವಾಂತಿ ಮಾಡಿಕೊಂಡಿದ್ದ ಕಾಂತಮ್ಮ ಸೆರಗಿನಿಂದ ಬಾಯೊರೆಸಿಕೊಂಡು ಎದ್ದುಬಂದರು.

"ಬಾವಿ ಸೇದಿದ ಕೈ ಕಣೇ ಇದು. ಕೊಡು ಹಗ್ಗಾನ."

ಇಬ್ಬರೂ ಸೇರಿ ಸೀಸೆಯನ್ನು ತಳಕ್ಕಿಳಿಸಿ ಮೇಲೆಳೆದರು. ಮೇಲಿನ ನೀರು ತೆಳು ಬಗ್ಗಡ, ತಳದ್ದು ಗಟ್ಟಿ ಕೆಸರು. ಸಿರಿ ಉಪ್ಪಿನಂಶ ಅಳೆಯುವ ಉಪಕರಣವನ್ನು ಒಂದೊಂದೇ ಸೀಸೆಗೆ ಇಳಿಸಿದಳು. ಎರಡೂ ಸೀಸೆಯಲ್ಲಿ ನಡುಗಡಲಿನಷ್ಟೇ ಉಪ್ಪು! ನಂಬಲಾಗದೆ ಇನ್ನೊಮ್ಮೆ ಅಳೆದಳು. ಅಷ್ಟೇ ಇತ್ತು.

ಪ್ರೊಫೆಸರ್ ಸೀಸೆಗಳನ್ನು ಬಿಸಿಲಿಗೆ ಹಿಡಿದು ನೋಡಿದರು. "ನದಿಯ ಸಿಹಿನೀರು ಹಗುರ. ಅದು ತಂದ ಕೆಸರು ಮೇಲೇ ತೇಲಬೇಕಿತ್ತು, ಉಪ್ಪೂ ಕಮ್ಮಿ ಇರಬೇಕಿತ್ತು. ಇದು ತಳದಿಂದ ಎದ್ದಿದ್ದೇ. ಗೆದ್ರಿ ಸಿರಿ!"

ಸಿರಿ ಕಿರುಚಿಯೇಬಿಟ್ಟಳು. ದೋಣಿಯವರು ಸಿಳ್ಳೆ ಹಾಕಿದರು. ಕಾಂತಮ್ಮ ಒದ್ದೆ ಕೈಗಳಲ್ಲೇ ಮಗಳನ್ನು ತಬ್ಬಿಕೊಂಡು, "ನನ್ ಮಗಳು ಗೆದ್ಲು ಕಣ್ರಪ್ಪಾ!" ಎಂದು ಕೂಗಿದರು.

ಆಮೇಲೆ ಗಾಳಿಯೆದ್ದ ದಿನವೆಲ್ಲ ಸಿರಿ ಕಡಲಿಗಿಳಿದಳು. ಪ್ರತಿಸಲವೂ ಉತ್ತರ ಅದೇ. ಉಪಗ್ರಹ ಚಿತ್ರದಲ್ಲಿ ಕರಾವಳಿಯ ನೀರು ಕಂದು ಬಣ್ಣದಲ್ಲಿ ಕಂಡರೆ ನದಿಯನ್ನು ದೂರುವ ಮುನ್ನ ಗಾಳಿಯನ್ನು ನೋಡಿ ಎಂದು ಅವಳು ಬರೆದ ಪ್ರಬಂಧಕ್ಕೆ ಡಾಕ್ಟರೇಟ್ ಬಂತು. ಆ ವಾರವೆಲ್ಲ ಏಕಾಂತಯ್ಯ ಅಂಗಡಿಗೆ ಬಂದವರಿಗೆ ಕೊಬ್ಬರಿಯ ದರಕ್ಕಿಂತ ಮೊದಲು ಮಗಳ ಸುದ್ದಿ ಹೇಳಿದರು. ರುದ್ರಮ್ಮ ಬುಟ್ಟಿ ತುಂಬ ಕಜ್ಜಾಯ ಹೊತ್ತು ತಂದರು.